ಮೊಲದ ನೋವು ಮೊದಲು ಕಾಣುವುದು ಟ್ರೇಯಲ್ಲಿ

"ನಿನ್ನೆ ರಾತ್ರಿವರೆಗೂ ಚೆನ್ನಾಗಿತ್ತು ಡಾಕ್ಟ್ರೇ, ಬೆಳಗಾಗೋದ್ರಲ್ಲಿ ಹೀಗಾಗ್ಬಿಟ್ಟಿದೆ." ಮೊಲವನ್ನು ಎದೆಗವಚಿಕೊಂಡು ಪಶುವೈದ್ಯರ ಬಾಗಿಲಿಗೆ ಓಡಿಬರುವವರಲ್ಲಿ ಹೆಚ್ಚಿನವರು ಹೇಳುವುದು ಈ ಮಾತನ್ನೇ. ಅವರು ಕಂಡದ್ದನ್ನೇ ಹೇಳುತ್ತಾರೆ. ಅಷ್ಟರಲ್ಲಿ ಮೊಲದ ಹಲ್ಲು ಕೆಟ್ಟು ಎರಡು ವಾರ ಕಳೆದಿರಬಹುದು, ಕರುಳು ಮಂದವಾಗಿ ಎರಡು ದಿನ ಆಗಿರಬಹುದು. ಮೊಲ ಮಾತ್ರ ಅದನ್ನು ತೋರಗೊಟ್ಟಿರುವುದಿಲ್ಲ.

ನರಿ, ನಾಯಿ, ಹದ್ದು, ಗೂಬೆ ಎಲ್ಲಕ್ಕೂ ಊಟವಾಗುವ ಪ್ರಾಣಿ ಇದು. ಗುಂಪಿನಲ್ಲಿ ಯಾವುದು ಕುಂಟುತ್ತಿದೆ, ಯಾವುದು ಹಿಂದೆ ಬಿದ್ದಿದೆ ಎಂದು ನೋಡಿಯೇ ಬೇಟೆಯಾಡುವ ಪ್ರಾಣಿ ಗುರಿ ಇಡುತ್ತದೆ. ನೋವನ್ನು ನುಂಗಿಕೊಂಡು ಮಾಮೂಲಿನಂತೆ ಓಡಾಡಿದ ಮೊಲಗಳೇ ಬದುಕಿ ಮರಿ ಹಾಕಿದವು. ನಾವು ಸಾಕುವ ಮೊಲಗಳೆಲ್ಲ, ಬಿಳಿ ರೋಮ ಕೆಂಪು ಕಣ್ಣಿನದಿರಲಿ ಜೋಲುಕಿವಿಯದಿರಲಿ, ಯುರೋಪಿನ ಬಿಲ ತೋಡುವ ಕಾಡುಮೊಲದ ಸಂತತಿ. (ನಮ್ಮ ರಾಗಿಹೊಲದಲ್ಲಿ, ಕುರುಚಲು ಕಾಡಿನಲ್ಲಿ ಚಂಗನೆ ಹಾರುವ ಮೊಲ ಬೇರೆಯೇ ಜಾತಿ. ಅದು ಬಿಲ ತೋಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಸಾಕುವಂತೆಯೂ ಇಲ್ಲ.) ಮೂರನೇ ಮಹಡಿಯ ಬಾಲ್ಕನಿಗೆ ನರಿ ಬರುವುದಿಲ್ಲ ಎಂದು ನಮಗೆ ಗೊತ್ತು, ಮೊಲಕ್ಕೆ ಗೊತ್ತಿಲ್ಲ.

ಸದ್ದೂ ಕಡಿಮೆ. ನೋವಾದರೆ ನಾಯಿ ಕುಂಯ್ ಎನ್ನುತ್ತದೆ, ಬೆಕ್ಕು ಗುರುಗುಟ್ಟುತ್ತದೆ. ಮೊಲ ಕಿರುಚುವುದು ಪ್ರಾಣವೇ ಹೋಗುವಂಥ ಭಯದಲ್ಲಿ, ತಾಳಲಾರದ ನೋವಿನಲ್ಲಿ ಮಾತ್ರ. ಹತ್ತು ವರ್ಷ ಮೊಲ ಸಾಕಿಯೂ ಆ ಕಿರುಚು ಕೇಳದವರಿದ್ದಾರೆ. ಹಾಗಾಗಿ ಮೊಲ ಏನು ಮಾಡುತ್ತಿದೆ ಎಂಬುದಕ್ಕಿಂತ ದಿನಾ ಮಾಡುವ ಯಾವುದನ್ನು ಇವತ್ತು ಮಾಡಲಿಲ್ಲ ಎಂಬುದರ ಮೇಲೆ ಕಣ್ಣಿಡಬೇಕು. ಕೊತ್ತಂಬರಿ ಕಟ್ಟು ಬಿಚ್ಚುವ ಸದ್ದಿಗೆ ಓಡಿಬರುತ್ತಿದ್ದದ್ದು ಬರಲಿಲ್ಲ. ಸಂಜೆಯ ಜಿಗಿದಾಟ ಇಲ್ಲ. ಬೆಳಿಗ್ಗೆ ಟ್ರೇಯಲ್ಲಿ ಏನೂ ಬಿದ್ದಿಲ್ಲ.

ಹಿಕ್ಕೆ ಹೇಳುವ ಸಮಾಚಾರ

ಟ್ರೇಯಿಂದಲೇ ಶುರುಮಾಡುವುದು ಒಳ್ಳೆಯದು, ಯಾಕೆಂದರೆ ಮೊಲ ಮುಖ ಮರೆಮಾಡಬಹುದು, ಹಿಕ್ಕೆಯನ್ನು ಮರೆಮಾಡಲಾರದು. ಗಟ್ಟಿಮುಟ್ಟಾದ ಮೊಲ ದಿನಕ್ಕೆ ಸುಮಾರು 200ರಿಂದ 300 ಹಿಕ್ಕೆ ಹಾಕುತ್ತದೆ. ಅವು ದುಂಡಗೆ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ, ಒಣಕಲಾಗಿ ಇರಬೇಕು. ಬೆರಳಲ್ಲಿ ಹಿಸುಕಿದರೆ ಒಳಗೆ ಹುಲ್ಲಿನ ಪುಡಿ ಕಾಣಬೇಕು. ಎಣಿಸುತ್ತ ಕೂರುವ ಅಗತ್ಯವಿಲ್ಲ. ದಿನಾ ಟ್ರೇ ಚೊಕ್ಕ ಮಾಡುವವರ ಕಣ್ಣಿಗೆ ಮಾಮೂಲಿ ರಾಶಿ ಎಷ್ಟೆಂಬುದು ತಾನಾಗಿ ಕೂತಿರುತ್ತದೆ. ಆದರೆ ಆ ಕೆಲಸವನ್ನು ಮನೆಗೆಲಸದವರಿಗೆ ವಹಿಸಿಬಿಟ್ಟರೆ ಮೊಲದ ಆರೋಗ್ಯದ ದಿನವಹಿಯನ್ನೇ ಕೈಬಿಟ್ಟಂತೆ. ಕೊನೇಪಕ್ಷ ಅವರನ್ನು ಕೇಳಿಯಾದರೂ ತಿಳಿದುಕೊಳ್ಳಬೇಕು.

ಹಿಕ್ಕೆ ದಿನೇದಿನೇ ಸಣ್ಣದಾಗುತ್ತ ಬಂದರೆ, ಒಂದು ದೊಡ್ಡದು ಒಂದು ಚಿಕ್ಕದು ಹೀಗೆ ಏರುಪೇರಾದರೆ, ಕಪ್ಪಗೆ ಕಲ್ಲಿನಷ್ಟು ಗಟ್ಟಿಯಾದರೆ, ಕರುಳಿನ ಓಟ ಕುಂಠಿತವಾಗುತ್ತಿದೆ ಎಂದರ್ಥ. ರೋಮದ ಎಳೆಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಬಂದರೆ ರೋಮ ಉದುರುವ ಕಾಲ. ಮೈ ನೆಕ್ಕಿಕೊಳ್ಳುವಾಗ ಹೆಚ್ಚು ರೋಮ ಹೊಟ್ಟೆಗೆ ಹೋಗುತ್ತಿದೆ. ಆಗ ದಿನಾ ಬ್ರಷ್ ಮಾಡಿ ಹುಲ್ಲು ಹೆಚ್ಚಿಸಬೇಕು.

ಇನ್ನೊಂದು ಬಗೆಯ ಹಿಕ್ಕೆಯೂ ಇದೆ. ಮೆತ್ತಗೆ, ಹೊಳಪಾಗಿ, ವಾಸನೆಯಿಂದ ಕೂಡಿ, ಸಣ್ಣ ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಹಿಪ್ಪುನೇರಳೆ ಹಣ್ಣಿನಂತೆ ಕಾಣುತ್ತದೆ. ಇದನ್ನು ಮೊಲ ಹಾಕುತ್ತಿದ್ದಂತೆಯೇ ಬಾಗಿ ತಿಂದುಬಿಡುತ್ತದೆ. ಅಸಹ್ಯಪಟ್ಟುಕೊಳ್ಳಬೇಕಿಲ್ಲ. ಸಣ್ಣಕರುಳು ದೊಡ್ಡಕರುಳು ಕೂಡುವಲ್ಲಿ ಮೊಲಕ್ಕೆ ಒಂದು ದೊಡ್ಡ ಚೀಲವಿದೆ. ಅಲ್ಲಿ ಸೂಕ್ಷ್ಮಜೀವಿಗಳು ಸೊಪ್ಪುಸದೆಯನ್ನು ಹುಳಿಹಿಡಿಸಿ ಬಿ ವಿಟಮಿನ್, ಪ್ರೋಟೀನ್ ತಯಾರಿಸುತ್ತವೆ. ಅದನ್ನು ದೇಹ ಹೀರಿಕೊಳ್ಳಬೇಕಾದರೆ ಇನ್ನೊಮ್ಮೆ ಬಾಯಿಯಿಂದಲೇ ಒಳಗೆ ಹೋಗಬೇಕು. ಆದ್ದರಿಂದ ಈ ಮೆತ್ತನೆಯ ಹಿಕ್ಕೆ ಟ್ರೇಯಲ್ಲಿ ಉಳಿದಿದೆ, ಹಿಂಭಾಗಕ್ಕೆ ಮೆತ್ತಿಕೊಂಡಿದೆ ಎಂದರೆ ಪ್ರಶ್ನೆ ಏಳಬೇಕು: ಯಾಕೆ ತಿನ್ನಲಿಲ್ಲ? ಬಿಸ್ಕತ್ತು, ಚಪಾತಿ, ಕ್ಯಾರೆಟ್, ಬಾಳೆಹಣ್ಣು ಜಾಸ್ತಿಯಾಗಿ ಹುಲ್ಲು ಕಡಿಮೆಯಾಗಿರಬಹುದು. ಬೊಜ್ಜು ಬಂದು ಅಥವಾ ಬೆನ್ನು, ಸೊಂಟ ನೋಯುತ್ತ ಅಲ್ಲಿಗೆ ಬಾಗಲಾಗದೆ ಇರಬಹುದು. ಇದನ್ನು ಭೇದಿ ಎಂದು ತಿಳಿದು ಗಾಬರಿಯಾಗುವವರು ಬಹಳ. ನಿಜವಾದ ಭೇದಿಯಲ್ಲಿ ಗುಂಡನೆಯ ಹಿಕ್ಕೆ ಒಂದೂ ಇರುವುದಿಲ್ಲ, ಬರೀ ನೀರು ಅಥವಾ ಲೋಳೆ. ಮರಿಗಳಲ್ಲಿ ಇದು ಹೆಚ್ಚಾಗಿ ಕರುಳಿನ ಪರೋಪಜೀವಿ ರೋಗ ಕಾಕ್ಸಿಡಿಯೋಸಿಸ್‌ನಿಂದ ಬರುತ್ತದೆ. ಆಗ ಕಾಯುವ ಮಾತೇ ಇಲ್ಲ, ಮರಿಯ ದೇಹದಲ್ಲಿ ಕಳೆದುಕೊಳ್ಳಲು ಅಷ್ಟು ನೀರಿರುವುದಿಲ್ಲ.

ಈಗ ಮುಖ್ಯ ವಿಷಯ. ಮೊಲಕ್ಕೆ ಎಲ್ಲಿಯೇ ನೋವಾಗಲಿ, ಅದು ಕೊನೆಗೆ ಬಂದು ನಿಲ್ಲುವುದು ಹೊಟ್ಟೆಯಲ್ಲಿ. ಹಲ್ಲುನೋವಿರಲಿ, ಮೂತ್ರಚೀಲದಲ್ಲಿ ಕಲ್ಲಿರಲಿ, ಪಟಾಕಿ ಸದ್ದಿನ ಹೆದರಿಕೆಯೇ ಇರಲಿ, ನೋವು ಮತ್ತು ಭಯ ಎರಡೂ ಕರುಳಿನ ಚಲನೆಯನ್ನು ತಗ್ಗಿಸುತ್ತವೆ. ಕರುಳು ನಿಂತಾಗ ಒಳಗಿನ ಆಹಾರ ನೀರು ಆರಿ ಗಟ್ಟಿಯಾಗುತ್ತದೆ, ಗಾಳಿ ತುಂಬುತ್ತದೆ, ಹೊಟ್ಟೆ ನೋಯುತ್ತದೆ. ಹೊಟ್ಟೆ ನೋಯುವ ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ಇನ್ನಷ್ಟು ನಿಲ್ಲುತ್ತದೆ. ವಾಂತಿ ಮಾಡಿ ಹಗುರಾಗುವ ದಾರಿಯೂ ಅದಕ್ಕಿಲ್ಲ, ಮೊಲದ ದೇಹರಚನೆಯಲ್ಲಿ ವಾಂತಿ ಸಾಧ್ಯವಿಲ್ಲ. ಬೊಜ್ಜಿನ ಮೊಲವಾದರೆ ಉಪವಾಸದಲ್ಲಿ ಯಕೃತ್ತಿಗೆ ಕೊಬ್ಬು ತುಂಬಿ ಅದೂ ಕೈಕೊಡುತ್ತದೆ.

ಹಾಗಾಗಿ ಬೆಕ್ಕು ಒಂದು ಹೊತ್ತು ಊಟ ಬಿಟ್ಟದ್ದಕ್ಕೂ ಮೊಲ ಬಿಟ್ಟದ್ದಕ್ಕೂ ಹೋಲಿಕೆಯಿಲ್ಲ. 12 ಗಂಟೆ ಏನೂ ತಿಂದಿಲ್ಲ ಅಥವಾ 12 ಗಂಟೆ ಹಿಕ್ಕೆ ಹಾಕಿಲ್ಲ ಎಂದರೆ ತುರ್ತು ಸ್ಥಿತಿ. "ನಾಳೆ ಬೆಳಿಗ್ಗೆ ನೋಡೋಣ" ಎನ್ನುವಂತಿಲ್ಲ. ಹನ್ನೆರಡು ತುಂಬಲಿ ಎಂದು ಗಡಿಯಾರ ನೋಡುತ್ತ ಕೂರುವುದೂ ತಪ್ಪು. ಮೊಲ ಮುದುಡಿ ಕೂತು ನೋವು ತೋರಿಸುತ್ತಿದ್ದರೆ ನಾಲ್ಕು ಗಂಟೆಯಾದರೂ ಹೊರಡಬೇಕು.

ಮಧ್ಯಾಹ್ನ ಮೊಲ ತಿನ್ನದೆ ಮಲಗುವುದು ಸಹಜ. ಅದರ ಚಟುವಟಿಕೆಯೆಲ್ಲ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿ. ಆದ್ದರಿಂದ ಪರೀಕ್ಷೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಅದರ ಪರಮಪ್ರಿಯ ತಿಂಡಿ ಒಂದನ್ನು, ಎರಡೆಸಳು ಕೊತ್ತಂಬರಿಯೋ ಒಂದು ಚೂರು ಸೇಬೋ, ಮೂಗಿನ ಹತ್ತಿರ ಹಿಡಿಯಿರಿ. ಮುಖ ತಿರುಗಿಸಿದರೆ ಹೊಟ್ಟೆಯದೋ ಬೇರೆಡೆಯದೋ ನೋವು. ಆಸೆಯಿಂದ ಬಂದು, ಬಾಯಿಗೆ ತೆಗೆದುಕೊಂಡು, ಕೆಳಗೆ ಬೀಳಿಸಿದರೆ ಅನುಮಾನ ಹಲ್ಲಿನ ಮೇಲೆ. ಈ ವ್ಯತ್ಯಾಸವನ್ನು ವೈದ್ಯರಿಗೆ ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಮುಖ ಓದುವ ವಿದ್ಯೆ

2011ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸೊಗಸಾದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಮೊಲಗಳ ವಿಡಿಯೊಗಳನ್ನು ಜನರಿಗೆ ತೋರಿಸಿ, ನೋಡುವವರ ಕಣ್ಣು ಎತ್ತ ಹೋಗುತ್ತದೆಂದು ಯಂತ್ರದಿಂದ ಅಳೆದರು. ಎಲ್ಲರ ಕಣ್ಣೂ ಹೆಚ್ಚು ಹೊತ್ತು ನೆಟ್ಟದ್ದು ಮುಖದ ಮೇಲೆ. ಆದರೆ ಅಲ್ಲಿಯವರೆಗೆ ತಿಳಿದಿದ್ದ ನೋವಿನ ಲಕ್ಷಣಗಳು, ಅಂದರೆ ಬೆನ್ನಿನ ತೊಗಲು ಅದುರುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು, ಹೆಜ್ಜೆ ತಡವರಿಸುವುದು, ಎಲ್ಲ ಇದ್ದದ್ದು ದೇಹದ ಹಿಂಭಾಗದಲ್ಲಿ. ನೋಡುವವರು ತಪ್ಪಿದ್ದು ಅಲ್ಲೇ. ಮನುಷ್ಯ ಮುಖ ನೋಡುವುದನ್ನು ಬಿಡಲಾರ ಎಂದಾದರೆ ಮುಖದಲ್ಲೇ ಏನಾದರೂ ಕಾಣುತ್ತದೆಯೇ ಎಂದು ಹುಡುಕುವುದು ಮುಂದಿನ ಹೆಜ್ಜೆ. 2012ರಲ್ಲಿ ಅದೂ ಸಿಕ್ಕಿತು. ಕಿವಿಗೆ ಗುರುತಿನ ಹಚ್ಚೆ ಹಾಕುವಾಗ ಮೊಲಗಳ ಮುಖ ಹೇಗೆ ಬದಲಾಗುತ್ತದೆಂದು ಚಿತ್ರಗಳಲ್ಲಿ ಹೋಲಿಸಿ, ಐದು ಜಾಗ ಗುರುತಿಸಿ, ಒಂದೊಂದಕ್ಕೂ 0, 1, 2 ಎಂದು ಅಂಕ ಕೊಡುವ ಅಳತೆಗೋಲು ಮಾಡಿದರು.

ಆ ಐದನ್ನು ಮನೆಯಲ್ಲಿಯೂ ನೋಡಬಹುದು. ಕಣ್ಣು ಅರೆಮುಚ್ಚಿ ಬಿಗಿದಿರುತ್ತದೆ, ನಿದ್ದೆಯ ಸಡಿಲ ಇರುವುದಿಲ್ಲ. ಉಬ್ಬಿರಬೇಕಾದ ಕೆನ್ನೆ ಚಪ್ಪಟೆಯಾಗಿ ಮೂತಿ ಚೂಪಗೆ ಕಾಣುತ್ತದೆ. ಮೂಗಿನ ಹೊಳ್ಳೆಗಳ ದುಂಡನೆಯ ಕೆಳಅಂಚು ಮೊನಚಾಗಿ ಗಲ್ಲದ ಕಡೆಗೆ ಎಳೆದುಕೊಳ್ಳುತ್ತದೆ. ಮೀಸೆ ಸಡಿಲವಾಗಿ ಪಕ್ಕಕ್ಕೆ ಬಾಗಿರುವುದನ್ನು ಬಿಟ್ಟು ಸೆಟೆದು ನಿಲ್ಲುತ್ತದೆ. ಕಿವಿಗಳು ಬಿಗಿಯಾಗಿ ಮಡಚಿಕೊಂಡು ಹಿಂದಕ್ಕೆ, ಬೆನ್ನ ಕಡೆಗೆ ಒರಗುತ್ತವೆ.

ಬಳಸುವ ಮುನ್ನ ಕೆಲವು ಎಚ್ಚರಿಕೆ. ನಿದ್ದೆ ಮಾಡುವ ಮೊಲವನ್ನು, ಮೈ ನೆಕ್ಕಿಕೊಳ್ಳುತ್ತಿರುವ ಮೊಲವನ್ನು ಹೀಗೆ ಅಳೆಯಬಾರದು. ಜೋಲುಕಿವಿಯ ತಳಿಯಲ್ಲಿ ಕಿವಿಯ ಲೆಕ್ಕ ಹಿಡಿಯುವುದು ಕಷ್ಟ, ಉದ್ದ ರೋಮದ ಅಂಗೋರಾದಲ್ಲಿ ಕೆನ್ನೆಯೇ ಕಾಣುವುದಿಲ್ಲ. ಹೆದರಿದ ಮೊಲವೂ ಇಂಥದೇ ಮುಖ ಮಾಡುತ್ತದೆ, ಆದ್ದರಿಂದ ಎತ್ತಿಕೊಂಡು ಮುಖದ ಹತ್ತಿರ ಮುಖವಿಟ್ಟು ನೋಡಿದರೆ ಕಾಣುವುದು ನಿಮ್ಮನ್ನು ಕಂಡ ಭಯ ಮಾತ್ರ. ದೂರದಲ್ಲಿ ಸುಮ್ಮನೆ ಕೂತು ಮೊಬೈಲಿನಲ್ಲಿ ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಚೆನ್ನಾಗಿದ್ದ ದಿನದ ಫೋಟೊ ಒಂದು ಮೊದಲೇ ತೆಗೆದಿಟ್ಟಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನನ್ನ ಮಟ್ಟಿಗೆ ಅಂಕಕ್ಕಿಂತ ಈ ಹೋಲಿಕೆಯೇ ಹೆಚ್ಚು ಉಪಯೋಗಿ.

ಮುಖದ ನಂತರ ಕೂತ ಭಂಗಿ. ನೆಮ್ಮದಿಯ ಮೊಲ ಕಾಲು ಚಾಚಿ ಮಲಗುತ್ತದೆ, ಕೆಲವೊಮ್ಮೆ ಧೊಪ್ಪೆಂದು ಪಕ್ಕಕ್ಕೆ ಉರುಳಿ ಸತ್ತಂತೆ ಬಿದ್ದುಕೊಳ್ಳುತ್ತದೆ. ಹೊಸದಾಗಿ ಸಾಕುವವರು ಇದನ್ನು ಕಂಡು ಹೌಹಾರುವುದುಂಟು. ಅದು ಪೂರ್ಣ ವಿಶ್ವಾಸದ ಗುರುತು. ನೋವಿನ ಮೊಲ ಮೂಲೆ ಹಿಡಿದು, ಬೆನ್ನು ಗೂನಾಗಿಸಿ, ಕಾಲುಗಳನ್ನು ಮೈಯಡಿ ಎಳೆದುಕೊಂಡು ಕೂರುತ್ತದೆ. ಹೊಟ್ಟೆನೋವಾದರೆ ನೆಲಕ್ಕೆ ಹೊಟ್ಟೆ ಒತ್ತುತ್ತದೆ, ಏಳುತ್ತದೆ, ಜಾಗ ಬದಲಿಸುತ್ತದೆ, ಮತ್ತೆ ಒತ್ತುತ್ತದೆ. ಹಲ್ಲಿನ ಸದ್ದಿನಲ್ಲಿಯೂ ಎರಡು ಬಗೆ. ತಲೆ ಸವರುವಾಗ ಕೇಳುವ ಮೆಲ್ಲನೆಯ ಕಟಕಟ ಸುಖದ್ದು. ಯಾರೂ ಮುಟ್ಟದಿರುವಾಗ ಜೋರಾಗಿ ಹಲ್ಲು ಮಸೆಯುವ ಕರಕರ ನೋವಿನದ್ದು. ಸಾಧು ಮೊಲ ಇದ್ದಕ್ಕಿದ್ದಂತೆ ಕಚ್ಚಲು ಬರುವುದು, ಟ್ರೇ ಬಿಟ್ಟು ಎಲ್ಲೆಂದರಲ್ಲಿ ಉಚ್ಚೆ ಮಾಡುವುದು, ಮೈ ನೆಕ್ಕಿಕೊಳ್ಳದೆ ರೋಮ ಕೆದರಿಕೊಂಡಿರುವುದು, ಇವನ್ನು "ಕೋಪ ಬಂದಿದೆ", "ಹಟ ಮಾಡುತ್ತಿದೆ" ಎಂದು ತಳ್ಳಿಹಾಕುವ ಮುನ್ನ ಒಮ್ಮೆ ಮೈ ತಡವಿ ನೋಡಬೇಕು.

ಹಲ್ಲು, ಮೂಗು, ಕಿವಿ

ಮೊಲಕ್ಕೆ 28 ಹಲ್ಲು. ಎಲ್ಲವೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲುಗಳಂತೂ ವಾರಕ್ಕೆ 2ರಿಂದ 3 ಮಿಲಿಮೀಟರ್. ಸವೆಸುವುದು ಹುಲ್ಲು ಮಾತ್ರ. ಗಂಟೆಗಟ್ಟಲೆ ಹುಲ್ಲು ಅಗಿಯುವಾಗ ದವಡೆ ಪಕ್ಕಕ್ಕೆ ಆಡುತ್ತದೆ, ಹಲ್ಲು ಸಮನಾಗಿ ತೇಯುತ್ತದೆ. ಅಂಗಡಿಯ ಗುಳಿಗೆ ಆಹಾರ, ಕ್ಯಾರೆಟ್ ತುಂಡು, ಅನ್ನ ತಿನ್ನುವಾಗ ಆ ಕೆಲಸ ಆಗುವುದಿಲ್ಲ. ಆಗ ದವಡೆಹಲ್ಲಿನ ಅಂಚು ಮುಳ್ಳಿನಷ್ಟು ಚೂಪಾಗಿ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ. ಬಾಯಿ ತೆರೆಸಿದರೂ ನಮಗೆ ಕಾಣದು, ದವಡೆ ಅಷ್ಟು ಒಳಗಿದೆ. ಹೊರಗೆ ಕಾಣುವುದಿಷ್ಟು: ಗಲ್ಲ, ಗಂಗೆದೊಗಲು ಜೊಲ್ಲಿನಿಂದ ಒದ್ದೆ, ಹುಲ್ಲು ಬಿಟ್ಟು ಮೆತ್ತನೆಯದನ್ನಷ್ಟೇ ತಿನ್ನುವುದು, ಒಂದೇ ಕಣ್ಣಿನಲ್ಲಿ ಸದಾ ನೀರು. ಕಣ್ಣಿಗೂ ಹಲ್ಲಿಗೂ ಏನು ಸಂಬಂಧ ಎಂದರೆ, ಮೇಲಿನ ಹಲ್ಲಿನ ಬೇರು ಹಿಂದಕ್ಕೆ ಬೆಳೆದು ಕಣ್ಣೀರಿನ ನಾಳವನ್ನು ಒತ್ತುತ್ತದೆ. ಕಣ್ಣಿಗೆ ಹನಿಮದ್ದು ಹಾಕುತ್ತ ತಿಂಗಳು ಕಳೆಯುವ ಪ್ರಕರಣಗಳ ಮೂಲ ಎಷ್ಟೋ ಸಲ ಹಲ್ಲಿನಲ್ಲಿರುತ್ತದೆ. ದವಡೆಯ ಕೆಳಗೆ ಗಟ್ಟಿ ಗಂಟು ಕೈಗೆ ಸಿಕ್ಕರೆ ಕೀವುಗಂಟು. ಮೊಲದ ಕೀವು ಗಟ್ಟಿಯಾಗಿರುವುದರಿಂದ ಒತ್ತಿದರೆ ಹೊರಬರುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಉದ್ದವಾದ ಬಾಚಿಹಲ್ಲನ್ನು ಮನೆಯಲ್ಲಿ ಉಗುರು ಕತ್ತರಿಯಿಂದ ಕತ್ತರಿಸುವ ಸಾಹಸವಂತೂ ಬೇಡ, ಹಲ್ಲು ಬೇರಿನವರೆಗೆ ಸೀಳುತ್ತದೆ.

ಮೊಲ ಉಸಿರಾಡುವುದು ಮೂಗಿನಿಂದಲೇ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಕೊನೆಯ ಹಂತದ ಪರದಾಟ. ನಿಮಿಷಕ್ಕೆ 30ರಿಂದ 60 ಉಸಿರು ಮಾಮೂಲು. ಒಂದೆರಡು ಸೀನಿಗೆ ಧೂಳು ಕಾರಣವಾಗಿರಬಹುದು. ಸೀನು ನಿಲ್ಲದೆ ಮೂಗಿನಿಂದ ಬಿಳಿ ಸಿಂಬಳ ಬರುತ್ತಿದ್ದರೆ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಸೋಂಕು ಇದ್ದೀತು. ಮೊಲ ಮೂಗನ್ನು ಮುಂಗಾಲಿನಿಂದ ಒರೆಸಿಕೊಂಡು ಸಾಕ್ಷಿ ಅಳಿಸಿಬಿಡುತ್ತದೆ. ಆದ್ದರಿಂದ ಮುಂಗಾಲಿನ ಒಳಮಗ್ಗುಲನ್ನು ನೋಡಿ. ಅಲ್ಲಿ ರೋಮ ಜಡೆಗಟ್ಟಿದ್ದರೆ ಶೀತ ಹಳೆಯದು.

ನಮ್ಮಲ್ಲಿ ತೀರ ಸಾಮಾನ್ಯವಾದದ್ದು ಕಜ್ಜಿ. ಮೂಗಿನ ತುದಿ, ತುಟಿಯಂಚು, ಉಗುರಿನ ಬುಡದಲ್ಲಿ ಬೂದುಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಕಣ್ಣಿಗೆ ಕಾಣದ ನುಸಿಯ ಕೆಲಸ ಅದು, ಎತ್ತಿ ಆಡಿಸುವವರ ಕೈಗೂ ತುರಿಕೆ ಹತ್ತಬಹುದು. ಇನ್ನೊಂದು ಜಾತಿಯ ನುಸಿ ಕಿವಿಯೊಳಗೆ ಕಂದು ಬಣ್ಣದ ಪದರ ಕಟ್ಟಿಸುತ್ತದೆ. ಮೊಲ ತಲೆ ಕೊಡವುತ್ತದೆ, ಕಿವಿ ಕೆರೆದುಕೊಳ್ಳುತ್ತದೆ. ಆ ಪದರವನ್ನು ಕಿತ್ತರೆ ರಕ್ತ ಬರುತ್ತದೆ, ವಿಪರೀತ ನೋವು. ವೈದ್ಯರು ತೂಕ ನೋಡಿ ಔಷಧ ಕೊಟ್ಟ ಮೇಲೆ ಅದು ತಾನಾಗಿ ಉದುರುತ್ತದೆ.

ಕತ್ತು ಒಂದು ಕಡೆಗೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಆಡುತ್ತ, ಮೊಲ ಉರುಳುರುಳಿ ಬೀಳುವುದು ನೋಡಲು ಭಯಂಕರ. ಒಳಗಿವಿಯ ಸೋಂಕು ಅಥವಾ ಮಿದುಳಿಗೆ ಹತ್ತುವ ಒಂದು ಸೂಕ್ಷ್ಮ ಪರೋಪಜೀವಿ ಇದಕ್ಕೆ ಸಾಮಾನ್ಯ ಕಾರಣ. ಸುತ್ತ ಟವಲು ತುರುಕಿದ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ವೈದ್ಯರ ಹತ್ತಿರ ಒಯ್ಯಿರಿ. "ಇನ್ನು ಇದು ಉಳಿಯಲ್ಲ" ಎಂದು ಕೈಚೆಲ್ಲುವ ಅಗತ್ಯವಿಲ್ಲ, ವಾರಗಟ್ಟಲೆ ಆರೈಕೆಯಿಂದ ಎಷ್ಟೋ ಮೊಲಗಳು ಚೇತರಿಸಿಕೊಂಡು, ಸೊಟ್ಟ ಕತ್ತಿನಲ್ಲೇ ಆರಾಮಾಗಿ ಬದುಕುತ್ತವೆ.

ಹಿಂಭಾಗ, ಕಾಲು, ಉಚ್ಚೆ

ಗಾದೆಯ ಮೊಲ ಮೂರೇ ಕಾಲಿನಲ್ಲಿ ಶತಮಾನ ಓಡಿದೆ. ಮನೆಯ ಮೊಲ ಒಂದು ಕಾಲು ಎತ್ತಿಕೊಂಡರೆ ಅಂಗಾಲು ತಿರುಗಿಸಿ ನೋಡಲೇಬೇಕು. ಮೊಲದ ಪಾದಕ್ಕೆ ನಾಯಿಯ ಹಾಗೆ ಮೆತ್ತೆಯಿಲ್ಲ, ಇರುವುದು ರೋಮ ಮಾತ್ರ. ತಂತಿ ತಳದ ಬೋನಿನಲ್ಲಿ ದಿನವಿಡೀ ನಿಂತರೆ ಆ ರೋಮ ಸವೆದು, ಚರ್ಮ ಕೆಂಪಾಗಿ, ಹುಣ್ಣಾಗಿ, ಮೂಳೆಯವರೆಗೂ ಹೋಗುತ್ತದೆ. ಬೋನಿನ ತಳಕ್ಕೆ ಗೋಣಿಚೀಲವೋ ಚಾಪೆಯೋ ಹಾಸಲು ಖರ್ಚೇನೂ ಇಲ್ಲ.

ಕೆಂಪು ಉಚ್ಚೆ ಕಂಡು ರಾತ್ರೋರಾತ್ರಿ ಫೋನ್ ಮಾಡುವವರಿಗೆ ಸಮಾಧಾನದ ಮಾತು: ಸೊಪ್ಪಿನ ಬಣ್ಣದಿಂದ ಮೊಲದ ಉಚ್ಚೆ ತಿಳಿಹಳದಿಯಿಂದ ಇಟ್ಟಿಗೆ ಬಣ್ಣದವರೆಗೂ ಬದಲಾಗುತ್ತದೆ, ಸುಣ್ಣದ ಅಂಶದಿಂದ ಮಬ್ಬಾಗಿಯೂ ಇರುತ್ತದೆ. ಇಡೀ ಉಚ್ಚೆ ಒಂದೇ ಸಮ ಕೆಂಪಾಗಿದ್ದರೆ ಹೆಚ್ಚಾಗಿ ಅದು ಬಣ್ಣ. ನಡುವೆ ರಕ್ತದ ಹನಿ, ಗಂಟು ಕಂಡರೆ ನಿಜವಾದ ರಕ್ತ. ಮೂರು ನಾಲ್ಕು ವರ್ಷ ದಾಟಿದ, ಸಂತಾನಹರಣ ಮಾಡಿಸದ ಹೆಣ್ಣುಮೊಲದಲ್ಲಿ ಹೀಗಾದರೆ ಗರ್ಭಕೋಶದ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸಬೇಕು, ಆ ವಯಸ್ಸಿನ ಹೆಣ್ಣುಗಳಲ್ಲಿ ಅದು ಬಹಳ ಸಾಮಾನ್ಯ. ತಿಣುಕಿ ಉಚ್ಚೆ ಮಾಡುವುದು, ಹಿಂಗಾಲು ಒದ್ದೆಯಾಗಿ ನಾರುವುದು, ಗಟ್ಟಿ ಬಿಳಿ ಕೆಸರು ಬೀಳುವುದು ಮೂತ್ರಚೀಲದಲ್ಲಿ ಸುಣ್ಣ ತುಂಬಿದ ಲಕ್ಷಣ. ದೊಡ್ಡ ಮೊಲಕ್ಕೆ ದಿನವೂ ಕುದುರೆ ಮಸಾಲೆ ಸೊಪ್ಪು ಹಾಕುವವರು ಅದನ್ನು ನಿಲ್ಲಿಸಿ ಗರಿಕೆಗೆ ಬದಲಾಯಿಸಿದರೆ ಅರ್ಧ ಅಪಾಯ ತಪ್ಪೀತು. ಆ ಸೊಪ್ಪಿನಲ್ಲಿ ಸುಣ್ಣ ಜಾಸ್ತಿ.

ಮಳೆಗಾಲದ್ದು ಬೇರೆಯೇ ಭೀತಿ. ಹಿಂಭಾಗ ಒದ್ದೆಯಾಗಿ, ಹೊಲಸು ಮೆತ್ತಿಕೊಂಡ ಮೊಲದ ಮೇಲೆ ನೊಣ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಮೊಟ್ಟೆಯೊಡೆದು ಹುಳುಗಳು ಮಾಂಸ ಕೊರೆಯತೊಡಗುತ್ತವೆ. ಹೊರಗಿನಿಂದ ನೋಡಿದರೆ ಮೊಲ ಸುಮ್ಮನೆ ಮಂಕಾಗಿ ಕೂತಿರುತ್ತದೆ, ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಮ್ಮೆ ಬಾಲವೆತ್ತಿ ನೋಡುವುದೊಂದೇ ದಾರಿ. ಹುಳು ಕಂಡರೆ ತೊಳೆದು ಬಿಟ್ಟರೆ ಸಾಲದು, ಒಳಗೆ ಇನ್ನೆಷ್ಟು ಹೊಕ್ಕಿವೆಯೋ ತಿಳಿಯದು. ಕೈಗೆ ಸಿಕ್ಕಷ್ಟನ್ನು ಚಿಮುಟದಿಂದ ತೆಗೆದು ಆಗಲೇ ಹೊರಡಬೇಕು.

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ 40 ಡಿಗ್ರಿ ದಾಟುವಾಗ ಮೊಲ ಸಾಕುವುದೇ ಒಂದು ಪರೀಕ್ಷೆ. ಬೆವರಿ ತಂಪಾಗುವ ಅನುಕೂಲ ಅದಕ್ಕಿಲ್ಲ, ಶಾಖ ಹೊರಹಾಕುವುದು ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ. 30 ಡಿಗ್ರಿ ಮೇಲೆ ಅದಕ್ಕೆ ಕಷ್ಟ ಶುರು. ಬೆಂಗಳೂರಿನ ಏಪ್ರಿಲ್ ಕೂಡ ತಗಡಿನ ಮಾಡಿನಡಿ ಇಟ್ಟ ಬೋನಿಗೆ ಸಾಕಷ್ಟು ಬಿಸಿ. ಕಿವಿ ಕೆಂಪಾಗಿ ಸುಡುತ್ತಿದೆ, ಮೈ ಚೆಲ್ಲಿ ಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ಉಸಿರು ಏದುಸಿರಾಗಿದೆ ಎಂದರೆ ಬಿಸಿಲಾಘಾತ. ತಂಪು ಟೈಲ್ಸ್ ನೆಲಕ್ಕೆ ತಂದು ಕಿವಿಗಳನ್ನು ತಣ್ಣೀರಿನ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ, ವೈದ್ಯರಿಗೆ ಫೋನ್ ಮಾಡಿ. ಐಸ್ ನೀರಿನಲ್ಲಿ ಮುಳುಗಿಸಿದರೆ ಆ ಆಘಾತಕ್ಕೇ ಪ್ರಾಣ ಹೋದೀತು.

ಕಾಯಿಲೆಯಲ್ಲದ ಒಂದೆರಡು: ಹೆಣ್ಣುಮೊಲ ಎದೆಯ ರೋಮ ಕಿತ್ತು ಗೂಡು ಕಟ್ಟುವುದು ಗಬ್ಬದ, ಕೆಲವೊಮ್ಮೆ ಹುಸಿಗಬ್ಬದ ವರ್ತನೆ. ಇನ್ನು ಅಂಗಾತ ಮಲಗಿಸಿದಾಗ ಮೊಲ ಮರಗಟ್ಟಿದಂತೆ ಸುಮ್ಮನಾಗುವುದನ್ನು "ಎಷ್ಟು ಮುದ್ದಾಗಿ ನಿದ್ದೆ ಹೋಯ್ತು ನೋಡಿ" ಎಂದು ವಿಡಿಯೊ ಮಾಡಿ ಹಾಕುವವರಿದ್ದಾರೆ. ಅದು ಬೇಟೆಗಾರನ ಬಾಯಲ್ಲಿ ಸಿಕ್ಕಾಗ ಸತ್ತಂತೆ ನಟಿಸುವ ಭಯದ ಸ್ಥಿತಿ. ಅದರಿಂದ ಎಚ್ಚೆತ್ತು ಕೊಸರಿಕೊಂಡು ಒದೆಯುವಾಗ ಬೆನ್ನುಮೂಳೆ ಮುರಿದರೆ ಹಿಂಗಾಲು ಶಾಶ್ವತವಾಗಿ ಬಿದ್ದುಹೋಗುತ್ತದೆ.

ಹೊರಡುವ ಮುನ್ನ, ಬಂದ ಮೇಲೆ

ಮೊಲದ ಮೈಶಾಖ ಸುಮಾರು 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರ್ ಇಡಲು ಅಭ್ಯಾಸ ಬೇಕು, ಇಲ್ಲದಿದ್ದರೆ ಕಿವಿ ಮುಟ್ಟಿ ನೋಡಿ. ಮಂಕಾಗಿರುವ ಮೊಲದ ಕಿವಿ ತಣ್ಣಗಾಗಿದ್ದರೆ ಜ್ವರಕ್ಕಿಂತ ಹೆಚ್ಚು ಅಪಾಯ. ಬಿಸಿನೀರಿನ ಬಾಟಲಿಗೆ ಟವಲು ಸುತ್ತಿ ಪಕ್ಕದಲ್ಲಿಡಿ. ನೀರು ತೊಯ್ದ ಸೊಪ್ಪು ಮುಂದಿಡಿ. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಸಿರಿಂಜಿನಲ್ಲಿ ಏನನ್ನೂ ಬಲವಂತವಾಗಿ ತಿನ್ನಿಸಬೇಡಿ. ಒಳಗೆ ದಾರಿ ಕಟ್ಟಿದ್ದರೆ ಹೊಟ್ಟೆ ಒಡೆದೀತು. ಬೆಳ್ಳುಳ್ಳಿ, ಈರುಳ್ಳಿ ಬೆರೆತ ಮನೆಮದ್ದು ಮೊಲಕ್ಕೆ ವಿಷ.

ಅದಕ್ಕಿಂತ ದೊಡ್ಡ ಅಪಾಯ ಮನೆಯ ಔಷಧದ ಡಬ್ಬಿ. ಮಗುವಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ ಒಂದಿಷ್ಟು ಮೊಲಕ್ಕೂ ಕುಡಿಸಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಉಗುಳುವ ಬ್ಯಾಕ್ಟೀರಿಯಾ ಹೆಚ್ಚಿ, ಕೆಲವೇ ದಿನದಲ್ಲಿ ಮೊಲ ಸಾಯಬಹುದು. ಪೆನಿಸಿಲಿನ್ ಗುಂಪಿನವು, ಲಿಂಕೊಮೈಸಿನ್, ಕ್ಲಿಂಡಮೈಸಿನ್ ಯಾವುದನ್ನೂ ಬಾಯಿಗೆ ಹಾಕಬಾರದು. ನಾಯಿಯ ಉಣ್ಣೆಗೆಂದು ಬೆನ್ನಿಗೆ ಬಿಡುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ಮಾರಕ. ನೋವಿನ ಮಾತ್ರೆ ಬೇಕೇ ಬೇಕು, ಆದರೆ ವೈದ್ಯರು ಬರೆದದ್ದು ಮಾತ್ರ. ನಾಯಿಯ ಡೋಸಿಗೂ ಮೊಲದ ಡೋಸಿಗೂ ಸಂಬಂಧವಿಲ್ಲ.

ಎಲ್ಲ ಪಶುವೈದ್ಯರೂ ಮೊಲ ನೋಡುವುದಿಲ್ಲ. ಹಸು, ನಾಯಿ ನೋಡಿದ ಕೈಗೆ ಮೊಲ ಅಪರೂಪದ ರೋಗಿ. ದೊಡ್ಡ ಊರಿನ ಕ್ಲಿನಿಕ್‌ಗಳು ಅದನ್ನು ಗಿಳಿ, ಆಮೆಗಳ ಜೊತೆ ಎಕ್ಸಾಟಿಕ್ ಎಂಬ ಸಾಲಿಗೆ ಸೇರಿಸುತ್ತವೆ. ಆದ್ದರಿಂದ ಮೊಲ ಚೆನ್ನಾಗಿರುವಾಗಲೇ ನಾಲ್ಕು ಕಡೆ ಫೋನ್ ಮಾಡಿ "ಮೊಲ ನೋಡ್ತೀರಾ ಸರ್, ರಾತ್ರಿ ಸಿಗ್ತೀರಾ" ಎಂದು ಕೇಳಿಟ್ಟುಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲೂ ವಿಚಾರಿಸಬಹುದು. ಹೋಗುವಾಗ ಅಂದಿನ ಹಿಕ್ಕೆಯನ್ನು ಒಂದು ಕವರಿನಲ್ಲಿ, ಮೊಲ ಕೂತ ರೀತಿಯನ್ನು ವಿಡಿಯೊದಲ್ಲಿ ಒಯ್ಯಿರಿ. ಆಸ್ಪತ್ರೆಯ ಮೇಜಿನ ಮೇಲೆ ಅದು ಕಿವಿ ನಿಮಿರಿಸಿ ಹುಷಾರಾಗಿರುವಂತೆ ನಟಿಸುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟ ಚೀಟಿಯಿದ್ದರೆ ಇನ್ನೂ ಒಳ್ಳೆಯದು. ಎರಡು ಕಿಲೋ ಮೊಲ 100 ಗ್ರಾಂ ಇಳಿದರೆ ಮೈತೂಕದ ಶೇ. 5 ಹೋಯಿತು; ರೋಮದ ಮರೆಯಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಾಗ "ರಾತ್ರಿಯಿಂದ ಏನೂ ಕೊಡಬೇಡಿ" ಎಂದರೆ ಇನ್ನೊಮ್ಮೆ ಕೇಳಿ. ಆ ನಿಯಮ ವಾಂತಿಯಾಗುವ ನಾಯಿ, ಬೆಕ್ಕಿಗೆ. ಮೊಲ ಕೊನೆಯವರೆಗೂ ಹುಲ್ಲು ತಿನ್ನುತ್ತಿರಬೇಕು. ಮನೆಗೆ ಬಂದ ಮೇಲೆ ಮೊದಲ ಹಿಕ್ಕೆಗಳು ಸಣ್ಣದಾಗಿ, ಸೊಟ್ಟಪಟ್ಟೆಯಾಗಿ ಬರುತ್ತವೆ, ಆಮೇಲೆ ಸರಿಹೋಗುತ್ತವೆ. ಲವಲವಿಕೆ ಕಂಡಿತೆಂದು ನೋವಿನ ಔಷಧವನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಆ ಲವಲವಿಕೆ ಔಷಧದ್ದೇ. ಜೋಡಿ ಮೊಲಗಳಿದ್ದರೆ ಕಾಯಿಲೆಯಿಲ್ಲದ್ದನ್ನೂ ಅದೇ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಗಿ. ರೋಗಿಗೆ ಧೈರ್ಯ, ಮತ್ತು ಮನೆಯಲ್ಲೇ ಉಳಿದ ಮೊಲ ಆಸ್ಪತ್ರೆಯ ವಾಸನೆ ಹೊತ್ತು ಬಂದ ಜೊತೆಗಾರನನ್ನು ಗುರುತು ಹಿಡಿಯದೆ ಕಚ್ಚಿ ಅಟ್ಟಿಸಿಕೊಂಡು ಹೋಗುವುದುಂಟು.